ನೀರು ಎಲ್ಲಿಗೆ ಹೋಯಿತು?

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಲೆಕ್ಕ ಹೊಸದಲ್ಲ. ಬಾವಿಯಲ್ಲಿ ಎಷ್ಟು ಮೆಟ್ಟಿಲು ಕಾಣುತ್ತಿವೆ, ಹಂಡೆಯಲ್ಲಿ ಎಷ್ಟು ಕೊಡ ಉಳಿದಿದೆ ಎಂಬುದನ್ನು ನಮ್ಮ ಹಿರಿಯರು ಹಣದ ಲೆಕ್ಕಕ್ಕಿಂತ ಎಚ್ಚರದಿಂದ ನೋಡುತ್ತಿದ್ದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಬೋಧಿಸಿದ ನಾನೂ ಆ ಲೆಕ್ಕದಲ್ಲಿ ಪಳಗಿದವನೆಂದೇ ಭಾವಿಸಿದ್ದೆ. ನಿವೃತ್ತನಾದ ಮೇಲೆ ಒಂದು ಲಾರಿಯ ನೀರಿನ ಲೆಕ್ಕ ನನಗೆ ತಪ್ಪಿತು. ತಪ್ಪಿದ್ದು ದೊಡ್ಡದಲ್ಲ, ಆ ತಪ್ಪಿನ ಭಾರವನ್ನು ಒಬ್ಬ ಪ್ರಾಮಾಣಿಕನ ತಲೆಯ ಮೇಲೆ ಹೊರಿಸಲು ಹೊರಟೆನಲ್ಲ, ಅದು ದೊಡ್ಡದು. ಆ ಕಥೆಯನ್ನು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ನನ್ನ ತಮ್ಮ ೨೦೧೨ರಲ್ಲಿ ಸಾಲ ಮಾಡಿ ಹಳೆಯ ಲಾರಿಯೊಂದನ್ನು ಕೊಂಡ. ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಚಳ್ಳಕೆರೆ, ಚಿತ್ರದುರ್ಗಗಳ ಕಡೆಯ ಈರುಳ್ಳಿಯನ್ನು ಶಿರಾಡಿ ಘಟ್ಟ ಇಳಿಸಿ ಮಂಗಳೂರಿಗೆ ಮುಟ್ಟಿಸುವುದು, ಬರುವಾಗ ಹೆಂಚನ್ನೋ ಗೊಬ್ಬರವನ್ನೋ ಹೇರಿಕೊಂಡು ಘಟ್ಟ ಹತ್ತುವುದು, ಇದು ಅದರ ಕಸುಬು. ೨೦೧೪ರಲ್ಲಿ ತಮ್ಮ ತೀರಿಕೊಂಡ. ಉಳಿದದ್ದು ಅವನ ಹೆಂಡತಿ, ಓದುವ ವಯಸ್ಸಿನ ಇಬ್ಬರು ಮಕ್ಕಳು, ತೀರದ ಸಾಲ, ಮತ್ತು ಆ ಲಾರಿ. "ಭಾವ, ಲೆಕ್ಕ ನೀವೇ ನೋಡಿಕೊಳ್ಳಿ" ಎಂದು ಆಕೆ ಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. ಉತ್ತರ ಪತ್ರಿಕೆಗಳನ್ನು ತಿದ್ದಿ ತಿದ್ದಿ ಬೆರಳಿಗೆ ಅಂಟಿಹೋಗಿದ್ದ ಕೆಂಪು ಮಸಿಯ ಲೇಖನಿಯನ್ನು ಹಿಡಿದು ನಾನು ಲಾರಿಯ ಯಜಮಾನಿಕೆಗೆ ಕುಳಿತೆ. ಲಾರಿಯನ್ನು ನಡೆಸುತ್ತಿದ್ದವನು ತಮ್ಮನ ಕಾಲದ ಚಾಲಕನೇ. ಐವತ್ತರ ಹತ್ತಿರದ ವಯಸ್ಸು, ಮಿತಭಾಷಿ.

೨೦೧೬ರ ಅಕ್ಟೋಬರಿನಲ್ಲಿ ಆಯುಧಪೂಜೆ ಮಾಡಿದೆವು. ಲಾರಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ನಡೆಸಿದೆವು. ವಾರ ಕಳೆಯುವುದರೊಳಗೆ ಸಕಲೇಶಪುರದಿಂದ ಫೋನು ಬಂತು.

"ಮೇಷ್ಟ್ರೇ, ಗಾಡಿ ನೀರು ಕುಡೀತಾ ಇದೆ."

"ನೀರು ಕುಡಿಯುವುದು ಎತ್ತು, ಲಾರಿಯಲ್ಲ. ಎಲ್ಲಿ ಸೋರುತ್ತಿದೆ ನೋಡು" ಎಂದೆ.

"ಸೋರೋದು ಕಾಣೋದಿಲ್ಲ. ಘಟ್ಟ ಹತ್ತುವಾಗ ಐದು ಲೀಟರಿನ ಡಬ್ಬದಲ್ಲಿ ನಾಲ್ಕು ಸಲ ಹಾಕಿದೆ. ಸೂಜಿ ಕೆಂಪಿಗೆ ಹೋದಾಗಲೆಲ್ಲ ನಿಲ್ಲಿಸಿ, ಆರೋವರೆಗೂ ಕಾದು ಹಾಕ್ತಾ ಇದ್ದೀನಿ."

ದಾರಿಯ ಒಂದು ಗ್ಯಾರೇಜಿನವರು ಲಾರಿಯನ್ನು ಒಂದು ರಾತ್ರಿ ತಮ್ಮಲ್ಲಿ ನಿಲ್ಲಿಸಿಕೊಂಡು, ಬೆಳಗ್ಗೆ ಕೆಳಗೆ ಒಂದು ತೊಟ್ಟೂ ಬಿದ್ದಿಲ್ಲವೆಂದು ಕಂಡು, ಚೀಟಿಯಲ್ಲಿ ಬರೆದುಕೊಟ್ಟರು: "ಸೋರಿಕೆ ಇಲ್ಲ. ಡ್ರೈವರ್ ನೀರು ನೋಡಿಲ್ಲ." ನಾನು ಆ ಚೀಟಿಯನ್ನು ನಂಬಿದೆ. ನಂಬಲು ಕಾರಣವೂ ಇತ್ತು. ಸೋರದ ನೀರು ಮಾಯವಾಗುವುದಿಲ್ಲ. ಆದುದರಿಂದ ನೀರನ್ನು ಹಾಕಿಯೇ ಇಲ್ಲ. ತರಗತಿಯಲ್ಲಿ ಹುಡುಗನೊಬ್ಬ ಹೀಗೆ ವಾದಿಸಿದ್ದರೆ, ಸೋರುವುದೊಂದೇ ದಾರಿಯೆಂದು ನಿನಗೆ ಹೇಳಿದವರಾರು ಎಂದು ಅವನನ್ನು ಕೇಳುತ್ತಿದ್ದೆ. ನನ್ನನ್ನು ಕೇಳುವವರು ಇರಲಿಲ್ಲ. ಲಾರಿ ಊರಿಗೆ ಬಂದಾಗ ಚೀಟಿಯನ್ನು ಚಾಲಕನ ಮುಂದೆ ಹಿಡಿದು, ದುರಸ್ತಿಯ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುವುದಾಗಿ ಹೇಳಿದೆ. ಅವನು ಚೀಟಿಯನ್ನು ಓದಿ, ಮಡಿಸಿ, ನನ್ನ ಕೈಗೇ ಕೊಟ್ಟು, "ಮುರ್ಕೊಳ್ಳಿ ಮೇಷ್ಟ್ರೇ. ಆದರೆ ಮೊದಲು ನೀರು ಎಲ್ಲಿಗೆ ಹೋಯ್ತು ಅಂತ ಒಂದು ಸಲ ನೋಡಿಸಿ" ಎಂದ.

ಹಾಗೆ ನಾವು ಚಿತ್ರದುರ್ಗದ ಹೊರವಲಯದ ಒಂದು ಸಣ್ಣ ಗ್ಯಾರೇಜಿಗೆ ಹೋದೆವು. ಅಲ್ಲಿನ ಹಿರಿಯರನ್ನು ಎಲ್ಲರೂ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವರು ಮೇಸ್ತ್ರಿ, ನಾನು ಮೇಷ್ಟ್ರು. ಕಿವಿಗೆ ಅಂತರ ಅಷ್ಟೇ. ಆದರೆ ಮುಂದಿನ ಆರು ದಿನಗಳಲ್ಲಿ ಪಾಠ ಹೇಳಿದವರು ಅವರು, ಕೇಳಿದವನು ನಾನು. ಚೀಟಿಯನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ಗಾಡಿ ನಿಂತಾಗ ಸೋರಲಿಲ್ಲ, ಸರಿ. ನೀರು ಖಾಲಿಯಾಗಿದ್ದು ನಿಂತಾಗಲೋ, ಓಡುವಾಗಲೋ?"

ಇಲ್ಲಿ ಯಂತ್ರದ ವಿಷಯವಾಗಿ ನಾಲ್ಕು ಮಾತು ಅವಶ್ಯ. ರುಡಾಲ್ಫ್ ಡೀಸೆಲ್ ೧೮೯೭ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದಂದಿನಿಂದ ಇಂದಿನವರೆಗೂ ಒಂದು ತೊಡಕು ತಪ್ಪಿಲ್ಲ: ಎಣ್ಣೆ ಉರಿದು ಹುಟ್ಟುವ ಶಾಖವೆಲ್ಲ ಕೆಲಸವಾಗುವುದಿಲ್ಲ. ಸ್ಥೂಲವಾಗಿ ಮೂರರಲ್ಲೊಂದು ಪಾಲು ಚಕ್ರವನ್ನು ತಿರುಗಿಸುತ್ತದೆ; ಒಂದು ಪಾಲು ಹೊಗೆಯ ಕೊಳವೆಯಲ್ಲಿ ಹೋಗುತ್ತದೆ; ಉಳಿದುದರಲ್ಲಿ ಬಹುಭಾಗವನ್ನು ನೀರು ಹೊತ್ತೊಯ್ಯಬೇಕು. ಸಿಲಿಂಡರುಗಳ ಸುತ್ತಲೂ ಹರಿದು ಬಿಸಿಯಾದ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿದು, ಗಾಳಿಗೆ ತಣಿದು, ಮತ್ತೆ ಒಳಕ್ಕೆ ಬರುತ್ತದೆ. ರೇಡಿಯೇಟರಿನ ಮುಚ್ಚಳವೂ ಸುಮ್ಮನೆ ಮುಚ್ಚಿಕೊಂಡಿರುವುದಲ್ಲ. ಒಳಗೆ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಬಿಂದುವನ್ನು ಏರಿಸುತ್ತದೆ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೭ ಡಿಗ್ರಿಗೇ ಕುದಿದರೆ, ಸರಿಯಾದ ಮುಚ್ಚಳದ ಕೆಳಗೆ ೧೦೫, ೧೧೦ ಡಿಗ್ರಿಯವರೆಗೂ ಕುದಿಯದೆ ತಡೆಯುತ್ತದೆ. ಬಿಸಿಯಿರುವಾಗ ಆ ಮುಚ್ಚಳವನ್ನು ತೆರೆದವರ ಮುಖ ಸುಡುವುದು ಇದೇ ಕಾರಣದಿಂದ.

ಸಿಲಿಂಡರುಗಳಿರುವ ಕೆಳಗಿನ ಭಾಗ ಬ್ಲಾಕ್. ಅವುಗಳ ಬಾಯನ್ನು ಮುಚ್ಚುವ ಮೇಲಿನ ಭಾಗ ಹೆಡ್. ಈ ಎರಡು ಭಾರವಾದ ಎರಕಗಳ ನಡುವೆ ದೋಸೆಗಿಂತಲೂ ತೆಳ್ಳಗಿನ ಒಂದು ಹಾಳೆ ಇರುತ್ತದೆ. ಅದೇ ಹೆಡ್ ಗ್ಯಾಸ್ಕೆಟ್. ಹಿಂದಿನ ಕಾಲದಲ್ಲಿ ಅದನ್ನು ತಾಮ್ರದ ತಗಡುಗಳ ನಡುವೆ ಕಲ್ನಾರನ್ನಿಟ್ಟು ಮಾಡುತ್ತಿದ್ದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಉಕ್ಕಿನ ಪದರಗಳೂ ಬೇರೆ ನಾರುಗಳೂ ಬಂದಿವೆ. ಈ ಹಾಳೆಯ ಒಂದೊಂದು ದೊಡ್ಡ ರಂಧ್ರದಲ್ಲಿ ಬೆಂಕಿ, ಪಕ್ಕದ ಸಣ್ಣ ರಂಧ್ರಗಳಲ್ಲಿ ನೀರು, ಇನ್ನೊಂದೆಡೆ ಎಣ್ಣೆ. ಹೊತ್ತಿಕೊಂಡ ಕ್ಷಣದಲ್ಲಿ ಸಿಲಿಂಡರಿನೊಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಪಟ್ಟಿಗೂ ಏರಬಲ್ಲದು. ಮೂರು ಬದ್ಧವೈರಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ, ಒಬ್ಬರ ಎಲೆಗೆ ಇನ್ನೊಬ್ಬರು ಕೈಹಾಕದಂತೆ ನೋಡಿಕೊಳ್ಳುವ ಕೆಲಸ ಆ ಹಾಳೆಯದು.

"ನೀರಿಗೆ ಹೋಗಲು ಮೂರು ದಾರಿ" ಎಂದರು ಮೇಸ್ತ್ರಿ. "ಹೊರಗೆ, ಎಣ್ಣೆಯೊಳಗೆ, ಬೆಂಕಿಯೊಳಗೆ. ಸುಲಭದ ದಾರಿ ಮೊದಲು ನೋಡೋಣ. ಹೆಡ್ ಬಿಚ್ಚಿದ ಮೇಲೆ ಹೋಸ್ ಪೈಪು ಸೀಳಿತ್ತು ಅಂತ ಗೊತ್ತಾದರೆ ನಗೆಪಾಟಲು."

ಮೊದಲ ದಿನ ಹೊರಗಿನ ದಾರಿ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಬಾಯಿಗೆ ಕೈಪಂಪು ಹಚ್ಚಿ, ಮುಚ್ಚಳ ಹಿಡಿಯುವಷ್ಟೇ ಒತ್ತಡವನ್ನು ಕೊಟ್ಟು ಮುಳ್ಳನ್ನು ನೋಡುತ್ತ ಕುಳಿತೆವು. ಬಿಸಿಯಾದಾಗ ತೊಟ್ಟಿಕ್ಕುವ ನೀರು ಬಿದ್ದಲ್ಲಿಯೇ ಆವಿಯಾಗಿಬಿಡುತ್ತದೆ. ತಣ್ಣಗಿರುವಾಗ ಕಣ್ಣಿಗೆ ಬೀಳುತ್ತದೆ. ಹೋಸುಗಳ ಕಟ್ಟು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಬ್ಲಾಕಿನ ಪಕ್ಕದ ಬಿಲ್ಲೆಗಳು, ಎಲ್ಲವನ್ನೂ ದೀಪ ಹಿಡಿದು ನೋಡಿದರು. ಎಲ್ಲೂ ಒದ್ದೆಯಿಲ್ಲ. ಮುಳ್ಳು ಮಾತ್ರ ಬಹಳ ನಿಧಾನವಾಗಿ, ಗಡಿಯಾರದ ಗಂಟೆಯ ಮುಳ್ಳಿನಂತೆ, ಕೆಳಗಿಳಿಯಿತು. ಒತ್ತಡ ಎಲ್ಲಿಗೋ ಹೋಗುತ್ತಿದೆ, ಹೊರಕ್ಕಲ್ಲ.

ಎರಡನೆಯ ದಿನ ಬೆಳಗ್ಗೆ ಎಣ್ಣೆಯ ದಾರಿ. ಎಣ್ಣೆಯಲ್ಲಿ ನೀರು ಬೆರೆತು ಕಡೆದರೆ ಅದು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಅಳತೆ ಕಡ್ಡಿಯಲ್ಲಿ ಬಿಳುಪಿರಲಿಲ್ಲ. ಅದರಿಂದಲೂ ಅವರಿಗೆ ತೃಪ್ತಿಯಿಲ್ಲ. ಎಣ್ಣೆಗಿಂತ ನೀರು ಭಾರ; ರಾತ್ರಿಯೆಲ್ಲ ನಿಂತರೆ ತಳ ಸೇರುತ್ತದೆ. ಕೆಳಗಿನ ಬಿರಡೆಯನ್ನು ತುಸುವೇ ಸಡಿಲಿಸಿ ಮೊದಲ ತೊಟ್ಟುಗಳನ್ನು ಗಾಜಿನ ಲೋಟದಲ್ಲಿ ಹಿಡಿದರು. ಕಪ್ಪು ಎಣ್ಣೆಯೇ, ನೀರಲ್ಲ. ಎರಡನೆಯ ದಾರಿಯೂ ಮುಚ್ಚಿತು.

ಉಳಿದದ್ದು ಬೆಂಕಿಯ ದಾರಿ. ಚಾಲಕನನ್ನು ಕರೆದು ಮೇಸ್ತ್ರಿ ಕೇಳಿದರು: "ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಿಳೀ ಹೊಗೆ ಬರುತ್ತಾ? ರಾತ್ರಿಯೆಲ್ಲ ತಣ್ಣಗಾದ ಮೇಲೂ ಮುಚ್ಚಳ ತೆಗೆದರೆ ಬುಸ್ ಅನ್ನುತ್ತಾ?" ಎರಡಕ್ಕೂ ಅವನು ಹೌದೆಂದ. ತಣಿದ ನೀರು ಕುಗ್ಗುತ್ತದೆ. ಬೆಳಗಿನ ಹೊತ್ತಿಗೆ ರೇಡಿಯೇಟರಿನಲ್ಲಿ ಒತ್ತಡ ಉಳಿಯಬಾರದು. ಉಳಿದಿದ್ದರೆ ಅಲ್ಲಿರುವುದು ಆವಿಯಲ್ಲ, ಬೇರೆ ಯಾವುದೋ ಅನಿಲ. ಇಷ್ಟನ್ನು ಅವನು ಮೊದಲೇ ಬಲ್ಲ, ನಾನು ಕೇಳಿರಲಿಲ್ಲ.

ರೇಡಿಯೇಟರನ್ನು ಬಾಯಿಮಟ ತುಂಬಿ, ಪಂಪು ನೀರನ್ನು ಕಲಕದಂತೆ ಬೆಲ್ಟನ್ನು ತೆಗೆದು, ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿದರು. ಹೀಗೆ ಓಡಿಸುವುದು ಎರಡು ಮೂರು ನಿಮಿಷ ಮಾತ್ರ. ಹೆಚ್ಚಾದರೆ ಎಂಜಿನ್ನಿಗೆ ಅಪಾಯ. ಮೊದಲು ನೀರು ನಿಶ್ಚಲವಾಗಿತ್ತು. ವೇಗವನ್ನು ಏರಿಸಿದಾಗ ಒಂದು ಗುಳ್ಳೆ ಎದ್ದಿತು. ಮತ್ತೊಂದು. ಆಮೇಲೆ ಸಾಲುಸಾಲಾಗಿ. "ನೋಡಿ, ಉಸಿರಾಡ್ತಾ ಇದೆ" ಎಂದರು.

ನನ್ನೊಳಗಿನ ಹಟ ಇನ್ನೂ ಇಳಿದಿರಲಿಲ್ಲ. ಗುಳ್ಳೆ ಸಿಕ್ಕಿಕೊಂಡ ಗಾಳಿಯದೂ ಆಗಿರಬಹುದಲ್ಲ ಎಂದೆ. ಹಾಗಾದರೆ ಗಾಳಿಯೋ ಹೊಗೆಯೋ ಎಂದು ನೀವೇ ಹೇಳಿ ಎಂದು ಅವರು ನಕ್ಕರು. ಇಂಗಾಲದ ಡೈಆಕ್ಸೈಡನ್ನು ಗುರುತಿಸುವ ನೀಲಿ ದ್ರಾವಣ ಇಂಥ ಪರೀಕ್ಷೆಗೆಂದೇ ಮಾರಾಟಕ್ಕೆ ಸಿಗುತ್ತದೆ. ಅನಿಲ ತಾಕಿದರೆ ಹಸಿರಿಗೆ, ಹಳದಿಗೆ ತಿರುಗುತ್ತದೆ. ಅದು ಅಲ್ಲಿರಲಿಲ್ಲ. ಮೇಸ್ತ್ರಿಯ ಎಲೆಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯಿತ್ತು. ಆ ಸುಣ್ಣವನ್ನು ಬಾಟಲಿಯ ನೀರಿನಲ್ಲಿ ಕಲಕಿ ರಾತ್ರಿ ಬಿಟ್ಟೆ. ಬೆಳಗ್ಗೆ ಮೇಲೆ ನಿಂತ ತಿಳಿಯೇ ಸುಣ್ಣದ ತಿಳಿನೀರು. ಎಂಟನೆಯ ತರಗತಿಯ ಮಕ್ಕಳೂ ಬಲ್ಲ ಪರೀಕ್ಷೆ.

ಗಡಸುನೀರನ್ನು ಕಾಯಿಸಿದರೆ ಅದರಿಂದಲೂ ಇದೇ ಅನಿಲ ಬಿಡುಗಡೆಯಾಗುವುದರಿಂದ ಎಂಜಿನ್ ತಣ್ಣಗಿರುವಾಗಲೇ ಪರೀಕ್ಷೆ ಮಾಡಬೇಕೆಂದು ಪಟ್ಟುಹಿಡಿದೆ. ಅಂಗಳದಲ್ಲಿ ಲಾರಿಯ ಹೊಗೆ ತುಂಬಿರಬಹುದೆಂದು ಮೊದಲು ರೇಡಿಯೇಟರಿನ ಪಕ್ಕದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಒಂದು ಲೋಟದ ತಿಳಿನೀರಿಗೆ ಹತ್ತು ಸಲ ಊದಿದೆ. ಅದು ತಿಳಿಯಾಗಿಯೇ ಉಳಿಯಿತು. ಅನಂತರ ಗುಳ್ಳೆಯೊಡೆಯುವ ಬಾಯಿಗೆ ಆಲಿಕೆ ಕವುಚಿ, ನೀರು ಸೇರದಂತೆ ಅನಿಲವನ್ನು ಮಾತ್ರ ಎಳೆದು ಇನ್ನೊಂದು ಲೋಟಕ್ಕೆ ಊದತೊಡಗಿದೆ. ಐದು, ಆರು, ಏಳು. ಎಂಟನೆಯ ಸಲಕ್ಕೆ ನೀರಿನಲ್ಲಿ ಹಾಲಿನ ಛಾಯೆ ಕಂಡಿತು; ಹತ್ತಕ್ಕೆ ಲೋಟದಾಚೆಯ ನನ್ನ ಬೆರಳು ಮಸುಕಾಯಿತು. ಸಿಲಿಂಡರಿನ ಹೊಗೆ ನೀರಿನ ದಾರಿಗೆ ನುಗ್ಗುತ್ತಿತ್ತು. ಘಟ್ಟದಲ್ಲಿ ಭಾರ ಹೊತ್ತಾಗ ಆ ಹೊಗೆ ನೀರನ್ನು ತಳ್ಳಿ ಮುಚ್ಚಳದ ಪಕ್ಕದ ಕೊಳವೆಯಿಂದ ರಸ್ತೆಗೆ ಚೆಲ್ಲುತ್ತಿತ್ತು. ನಿಂತಾಗ ಸೋರಿಕೆಯಿಲ್ಲ, ಓಡುವಾಗ ಚೆಲ್ಲಿದ್ದನ್ನು ಕಂಡವರಿಲ್ಲ. ಚೀಟಿ ಬರೆದವರು ಕಂಡದ್ದು ಸುಳ್ಳಲ್ಲ. ಅದರಿಂದ ಕಟ್ಟಿದ ತೀರ್ಪು ಸುಳ್ಳು.

ನಾನು ಲೋಟವನ್ನು ಹಿಡಿದುಕೊಂಡೇ ಚಾಲಕನ ಕಡೆ ನೋಡಿದೆ. ಅವನು ಏನೂ ಹೇಳಲಿಲ್ಲ.

ಆರರಲ್ಲಿ ಯಾವ ಸಿಲಿಂಡರು? ಇಂಜೆಕ್ಟರುಗಳನ್ನು ಬಿಚ್ಚಿ, ಎಂಜಿನ್ನನ್ನು ಮೊದಲು ಕೈಯಿಂದಲೇ ತಿರುಗಿಸಿದರು. ಒಳಗೆ ನೀರು ನಿಂತಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ. ಸ್ಟಾರ್ಟರಿನ ಬಲಕ್ಕೆ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಆಮೇಲೆ ಒಂದೊಂದೇ ಪಿಸ್ಟನ್ನನ್ನು ಎರಡೂ ವಾಲ್ವುಗಳು ಮುಚ್ಚಿರುವ ಮೇಲಿನ ನೆಲೆಗೆ ತಂದು ಇಂಜೆಕ್ಟರಿನ ತೂತಿನಿಂದ ಕಂಪ್ರೆಸರಿನ ಗಾಳಿ ಕೊಟ್ಟರು. ಐದನೆಯದಕ್ಕೆ ಗಾಳಿ ಕೊಟ್ಟಾಗ ರೇಡಿಯೇಟರಿನ ಬಾಯಿ ಕುದಿಯುವ ಅನ್ನದಂತೆ ಗುಳುಗುಳಿಸಿತು.

ನಾಲ್ಕನೆಯ ದಿನ ಹೆಡ್ ಬಿಚ್ಚುವ ಕೆಲಸ. ನೀರನ್ನು ಬಸಿದು, ಬ್ಯಾಟರಿಯ ತಂತಿ ಕಳಚಿ, ಡೀಸೆಲ್ ಕೊಳವೆಗಳ ತೆರೆದ ಬಾಯಿಗಳಿಗೆ ಧೂಳು ಸೇರದಂತೆ ಮುಚ್ಚಳ ತೊಡಿಸಿದರು. ವಾಲ್ವುಗಳನ್ನು ತಳ್ಳುವ ಹನ್ನೆರಡು ಕಡ್ಡಿಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಸಂಖ್ಯೆ ಬರೆದು, ಇದ್ದ ಕ್ರಮದಲ್ಲಿಯೇ ಸಿಕ್ಕಿಸಿದರು. ಒಟ್ಟಿಗೆ ಸವೆದವು ಒಟ್ಟಿಗೇ ಇರಬೇಕಂತೆ. ಹೆಡ್ ಬೋಲ್ಟುಗಳನ್ನು ತುದಿಗಳಿಂದ ನಡುವಿನತ್ತ, ಒಂದೇ ಸಲಕ್ಕೆ ಪೂರ್ತಿಯಾಗಿ ಬಿಚ್ಚದೆ, ಸುತ್ತು ಸುತ್ತಾಗಿ ಸಡಿಲಿಸಿದರು. ಮೂವರಿಗೂ ಎತ್ತಲಾಗದ ಆ ಎರಕವನ್ನು ಚೈನ್ ಬ್ಲಾಕಿನಿಂದ ನೇರವಾಗಿ ಮೇಲಕ್ಕೆತ್ತಿದಾಗ ಗ್ಯಾರೇಜಿನಲ್ಲಿ ಮಾತು ನಿಂತಿತು.

ಐದು ಪಿಸ್ಟನ್ನುಗಳ ನೆತ್ತಿ ಮಸಿಯಿಂದ ಕಪ್ಪಾಗಿತ್ತು. ಐದನೆಯದರ ನೆತ್ತಿ ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಎಂಜಿನ್ ನಿಂತಾಗ ನೀರು ಹಿಂದಕ್ಕೆ ನುಸುಳಿ, ಮತ್ತೆ ಉರಿದಾಗ ಹಬೆಯಾಗಿ, ಮಸಿಯನ್ನು ತೊಳೆದಿತ್ತು. ಗ್ಯಾಸ್ಕೆಟ್ಟಿನಲ್ಲಿ ಆ ಸಿಲಿಂಡರಿನ ಉಂಗುರದಿಂದ ಪಕ್ಕದ ನೀರಿನ ರಂಧ್ರದವರೆಗೆ ಕಿರುಬೆರಳಗಲದ ಕಪ್ಪು ಗೆರೆ, ಇಲಿ ಓಡಾಡಿದ ಜಾಡಿನಂತೆ.

"ಸಿಕ್ಕಿಬಿಟ್ಟ ಕಳ್ಳ" ಎಂದೆ.

"ಇದು ಕಳ್ಳನಲ್ಲ ಮೇಷ್ಟ್ರೇ, ಸಾಕ್ಷಿ" ಎಂದರು ಮೇಸ್ತ್ರಿ. "ಗ್ಯಾಸ್ಕೆಟ್ ತಾನಾಗಿ ಸುಡೋದಿಲ್ಲ. ಸುಟ್ಟವರು ಯಾರು ಅಂತ ಕೇಳದೆ ಹೊಸದು ಹಾಕಿದರೆ, ಮುಂದಿನ ದೀಪಾವಳಿಗೆ ಮತ್ತೆ ಇಲ್ಲಿಗೇ ಬರ್ತೀರಿ."

ಆ ಮಾತಿಗೆ ನನ್ನ ಸಂಶಯ ಮತ್ತೆ ತಲೆಯೆತ್ತಿತು. ಎಂಜಿನ್ನನ್ನು ಕುದಿಸಿದವನು ಚಾಲಕನೇ ಇರಬಹುದಲ್ಲ! ನೀರು ಕದ್ದವನಲ್ಲದಿದ್ದರೆ ಕಾವು ನೋಡದವನು. ಮನುಷ್ಯನಿಗೆ ತನ್ನ ಆರೋಪವನ್ನು ಬಿಡುವುದಕ್ಕಿಂತ ಅದರ ಹೆಸರನ್ನು ಬದಲಾಯಿಸುವುದು ಸುಲಭ.

ಮೇಸ್ತ್ರಿ ಹೆಡ್ಡಿನ ಮೈಯನ್ನು ಒರೆಸಿ ಅದರ ಮೇಲೆ ಉಕ್ಕಿನ ನೇರಪಟ್ಟಿಯನ್ನು ನಿಲ್ಲಿಸಿದರು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಪಟ್ಟಿಯ ಕೆಳಗೆ ತೆಳ್ಳಗಿನ ಉಕ್ಕಿನ ಎಲೆಗಳನ್ನು ಒಂದೊಂದಾಗಿ ತೂರಿಸಿದರು. ಮಿಲಿಮೀಟರಿನ ನೂರನೆಯ ಐದು ಭಾಗದ ಎಲೆ ಹೋಯಿತು, ಹತ್ತರದು ಹೋಯಿತು, ಹದಿನೈದರದೂ ಹೋಯಿತು. ಕೂದಲೆಳೆಗಿಂತ ತುಸು ದಪ್ಪ, ಅಷ್ಟೇ. ಆದರೆ ಆ ಎಂಜಿನ್ನಿನ ಕೈಪಿಡಿ ಒಪ್ಪುವುದಕ್ಕಿಂತ ಅದು ಹೆಚ್ಚು. ಅತಿಯಾಗಿ ಕಾದ ಹೆಡ್ ಹಿಗ್ಗಲು ಎಡೆಯಿಲ್ಲದೆ ಬಾಗಿ, ಗ್ಯಾಸ್ಕೆಟ್ಟನ್ನು ಅದುಮಿ, ತಣಿದಾಗ ಹಿಡಿತ ಬಿಟ್ಟಿತ್ತು. "ಇದು ಒಂದು ದಿನದ ಕೆಲಸ ಅಲ್ಲ. ಎಷ್ಟೋ ತಿಂಗಳಿಂದ ಪ್ರತಿ ಘಟ್ಟಕ್ಕೂ ಸ್ವಲ್ಪ ಸ್ವಲ್ಪ ಕಾದಿದೆ" ಎಂದು ಅವರು ರೇಡಿಯೇಟರಿನ ಕಡೆ ತಿರುಗಿದರು.

ರೇಡಿಯೇಟರಿನ ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿದಾಗ ಒಳಗೆ ಕಂಡದ್ದು ಹಿತ್ತಾಳೆಯಲ್ಲ, ಬೂದುಬಿಳಿಯ ಗಾರೆ. ಕೊಳವೆಗಳಲ್ಲಿ ಸುಮಾರು ಅರ್ಧದಷ್ಟು ಕಟ್ಟಿಹೋಗಿದ್ದವು. ಒಂದು ಚೂರನ್ನು ಕೆರೆದು ಅಂಗೈಯಲ್ಲಿಟ್ಟುಕೊಂಡೆ. ಮಧ್ಯಾಹ್ನದ ಊಟಕ್ಕೆ ತಂದಿದ್ದ ನಿಂಬೆಹೋಳನ್ನು ಅದರ ಮೇಲೆ ಹಿಂಡಿದೆ, ನೊರೆನೊರೆಯಾಗಿ ಗುಳ್ಳೆಯೆದ್ದಿತು. ಸುಣ್ಣದ ಕಾರ್ಬೊನೇಟು. ನಮ್ಮ ಕೊಳವೆಬಾವಿಗಳ ಗಡಸುನೀರು ಕಾದಾಗ ಹಂಡೆಯಲ್ಲಿ ಕಟ್ಟುವ ಪೊರೆ ಇದೇ. ನನ್ನ ಲೋಟವನ್ನು ಹಾಲಾಗಿಸಿ ಸಾಕ್ಷಿ ನುಡಿದ ಬಿಳುಪೂ ಇದೇ. ಲೋಹಕ್ಕೆ ಹೋಲಿಸಿದರೆ ಶಾಖವನ್ನು ಎಷ್ಟೋ ಪಟ್ಟು ಕಡಿಮೆ ಸಾಗಿಸುವ ಈ ಪೊರೆ ನೀರಿಗೂ ಗಾಳಿಗೂ ನಡುವೆ ಕಂಬಳಿ ಹೊದಿಸಿದಂತೆ.

ಇನ್ನೊಂದು ಸಂಗತಿಯೂ ಬಯಲಾಯಿತು. ಥರ್ಮೋಸ್ಟ್ಯಾಟ್ ಇರಬೇಕಾದ ಗೂಡು ಬರಿದಾಗಿತ್ತು. ಎಂಜಿನ್ ತಣ್ಣಗಿರುವಾಗ ನೀರನ್ನು ಒಳಗೇ ಸುತ್ತಿಸಿ, ಕಾದ ಮೇಲೆ ರೇಡಿಯೇಟರಿನ ದಾರಿಯನ್ನು ತೆರೆಯುವ ದ್ವಾರಪಾಲಕ ಅದು. ಅದನ್ನು ತೆಗೆದುಹಾಕಿದರೆ ಎಂಜಿನ್ ತಂಪಾಗಿರುತ್ತದೆಂಬುದು ನಮ್ಮಲ್ಲಿ ಬಲವಾದ ನಂಬಿಕೆ. ಈ ಎಂಜಿನ್ನಿನಲ್ಲಿ ಅದು ರೇಡಿಯೇಟರಿನ ದಾರಿಯನ್ನು ತೆರೆಯುವಾಗಲೇ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅದು ಇಲ್ಲದಿದ್ದರೆ ಬಯಲಿನಲ್ಲಿ ಎಂಜಿನ್ ಬೇಕಾದಷ್ಟು ಕಾಯದೆ ಸವೆಯುತ್ತದೆ. ಘಟ್ಟದಲ್ಲಿ ಬಿಸಿನೀರಿನ ಒಂದು ಪಾಲು ತಣಿಯದೆ ಒಳಗೇ ತಿರುಗಿ ಕುದಿಯುತ್ತದೆ.

"ಇದನ್ನು ತೆಗೆಸಿದ್ದು ಯಾರು?" ಎಂದರು ಮೇಸ್ತ್ರಿ. ಚಾಲಕ ಈಗಲೂ ಏನೂ ಹೇಳಲಿಲ್ಲ; ನೆಲವನ್ನು ನೋಡಿದ. ಆ ಮೌನಕ್ಕೆ ನಾನು ಮನೆಗೆ ಹೋಗಿ ಲೆಕ್ಕದ ಪುಸ್ತಕ ತೆರೆದೆ.

೨೦೧೪ರ ಡಿಸೆಂಬರಿನ ಪುಟ. ಅವನದೇ ವಕ್ರವಾದ ಅಕ್ಷರದಲ್ಲಿ: "ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡಿಸಬೇಕು. ಥರ್ಮೋಸ್ಟ್ಯಾಟ್ ಹೊಸದು. ಕೂಲೆಂಟ್." ಅದರ ಎದುರಿಗೆ ನನ್ನ ಕೆಂಪು ಮಸಿಯಲ್ಲಿ: "ಸದ್ಯಕ್ಕೆ ಬೇಡ. ಹಳೆಯದನ್ನು ತೆಗೆದು ಓಡಿಸಬಹುದು. ಬೋರಿನ ನೀರೇ ಸಾಕು." ಕೆಳಗೆ ನನ್ನ ಸಹಿ. ಮಾರನೆಯ ವರ್ಷವೂ ಒಮ್ಮೆ ಅವನು ಬರೆದಿದ್ದ. ನಾನು ಒಂದು ಗೆರೆ ಎಳೆದು ಮುಗಿಸಿದ್ದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲೆಂಟ್ ಏಕೆ ಎಂಬುದು ನನ್ನ ಜಾಣತನ. ಅದು ತುಕ್ಕನ್ನೂ ಪೊರೆಯನ್ನೂ ತಡೆದು, ಕುದಿಯುವುದನ್ನು ಮುಂದೂಡುತ್ತದೆಂಬುದನ್ನು ತಿಳಿಯುವ ಗೋಜಿಗೆ ನಾನು ಹೋಗಿರಲಿಲ್ಲ.

ಪುಸ್ತಕವನ್ನು ತಮ್ಮನ ಹೆಂಡತಿಯ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಗ್ಯಾಸ್ಕೆಟ್ ಮಾತ್ರ ಬದಲಾಯಿಸಿದರೆ ಖರ್ಚು ಕಡಿಮೆ. ಹೆಡ್ಡು, ರೇಡಿಯೇಟರು ಎಲ್ಲ ಸರಿಮಾಡಿಸಿದರೆ ಎರಡು ತಿಂಗಳ ಸಾಲದ ಕಂತು ನಿಲ್ಲುತ್ತದೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಧ ಮಾಡಿಸಬೇಡಿ ಭಾವ. ಘಟ್ಟದಲ್ಲಿ ಆ ಗಾಡಿಯೊಳಗೆ ಒಬ್ಬರು ಕೂತಿರುತ್ತಾರೆ" ಎಂದಳು.

ಕೆಲಸ ಪೂರ್ತಿಯಾಗಿಯೇ ನಡೆಯಿತು. ಹೆಡ್ಡಿನ ನೀರಿನ ಬಾಯಿಗಳನ್ನು ಮುಚ್ಚಿ, ಒಳಗೆ ಗಾಳಿಯೂಡಿ, ಬಿಸಿನೀರಿನಲ್ಲಿ ಮುಳುಗಿಸಿ ಬಿರುಕಿಲ್ಲವೆಂದು ನೋಡಿದರು. ಬಾಗನ್ನು ಯಂತ್ರದಲ್ಲಿ ಸವರಿ ಸಮ ಮಾಡಿಸಿದರು. ಇದಕ್ಕೆ ಫೇಸಿಂಗ್ ಎನ್ನುತ್ತಾರೆ. ಎಷ್ಟು ಸವರಬಹುದೆಂಬುದಕ್ಕೆ ಕೈಪಿಡಿಯ ಮಿತಿಯಿದೆ. ಸವರಿದ ಮೇಲೆ ವಾಲ್ವುಗಳ ಆಳವನ್ನು ಮತ್ತೆ ಅಳೆದರು. ಬ್ಲಾಕಿನ ಮೈಗೂ ನೇರಪಟ್ಟಿ ಇಟ್ಟು, ಸಿಲಿಂಡರಿನ ಲೈನರುಗಳು ಕುಸಿದಿಲ್ಲವೆಂದು ಖಚಿತ ಮಾಡಿಕೊಂಡರು. ಹಳೆಯ ಅಂಟನ್ನು ತಿರುಗುವ ಉಜ್ಜುಬಿಲ್ಲೆಯಿಂದ ತೆಗೆಯಲು ಹೊರಟ ಹುಡುಗನನ್ನು ಮೇಸ್ತ್ರಿ ತಡೆದರು: ಆ ಪುಡಿ ಎಣ್ಣೆಗೆ ಸೇರಿದರೆ ಬೇರಿಂಗುಗಳು ಹೋದಂತೆಯೇ. ಬೋಲ್ಟಿನ ಗುಂಡಿಗಳಲ್ಲಿ ನಿಂತಿದ್ದ ನೀರೆಣ್ಣೆಯನ್ನು ಊದಿ ಒಣಗಿಸಿದರು. ಗುಂಡಿಯಲ್ಲಿ ದ್ರವವಿದ್ದರೆ ಬೋಲ್ಟ್ ಬಿಗಿದಂತೆ ತೋರುತ್ತದೆ, ಬಿಗಿದಿರುವುದಿಲ್ಲ. ಬಲವಂತ ಮಾಡಿದರೆ ಬ್ಲಾಕೇ ಸೀಳಬಹುದು.

ಹೊಸ ಗ್ಯಾಸ್ಕೆಟ್ಟನ್ನು ಒಣಗಿದ ಮೈಯ ಮೇಲೆ ಇರಿಸಿ, ಹೆಡ್ಡನ್ನು ಇಳಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ರಂಗೋಲಿಯ ಸುಳಿ ಬಿಡಿಸಿದಂತೆ, ಮೂರು ಸುತ್ತುಗಳಲ್ಲಿ ಟಾರ್ಕ್ ರೆಂಚಿನಿಂದ ಬಿಗಿದರು. ಚಾಲಕ ಕೈಪಿಡಿಯ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದ, ನಾನು ಸುಣ್ಣದಿಂದ ಒಂದೊಂದಕ್ಕೂ ಗುರುತು ಹಾಕುತ್ತಿದ್ದೆ. ವಾಲ್ವುಗಳ ಸಂದನ್ನು ಸರಿಪಡಿಸಿ, ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಾಯಿಸಿ, ಹೊಸ ಥರ್ಮೋಸ್ಟ್ಯಾಟ್ ಕೂರಿಸಿ, ಖನಿಜ ತೆಗೆದ ನೀರಿಗೆ ಕೂಲೆಂಟ್ ಬೆರೆಸಿ ಗಾಳಿ ಹೊರಹೋಗುವಂತೆ ನಿಧಾನವಾಗಿ ತುಂಬಿದರು. ಕೂಲೆಂಟಿನ ರುಚಿ ಸಿಹಿ, ಗುಣ ವಿಷ. ಚೆಲ್ಲಿದ್ದನ್ನು ಬೀದಿನಾಯಿಗಳು ನೆಕ್ಕದಂತೆ ತೊಳೆಸಿದರು.

ಎಂಜಿನ್ ಚಾಲೂ ಆಯಿತು. ಗುಳ್ಳೆಯಿಲ್ಲ. ಮಾರನೆಯ ಬೆಳಗ್ಗೆ ಮುಚ್ಚಳ ತೆರೆದಾಗ ಬುಸುಗುಟ್ಟಲಿಲ್ಲ.

ಅಲ್ಲಿಯೇ, ಮೇಸ್ತ್ರಿಯ ಎದುರಿಗೇ, ನಾನು ಚಾಲಕನಿಗೆ ಹೇಳಿದೆ: "ತಪ್ಪು ನನ್ನದು. ಪುಸ್ತಕದಲ್ಲಿ ನನ್ನ ಸಹಿಯೇ ಇದೆ. ನೀನು ಯಾಕೆ ಅದನ್ನ ಹೇಳಲಿಲ್ಲ?"

"ನೀವು ಬರೆದದ್ದು ನಿಮಗೆ ನೆನಪಿರುತ್ತೆ ಅಂದ್ಕೊಂಡಿದ್ದೆ ಮೇಷ್ಟ್ರೇ" ಎಂದ. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಂದಿನ ಬಾರಿ ಲಾರಿ ಮಂಗಳೂರಿಗೆ ಹೋದಾಗ ನಾನೂ ಜೊತೆಯಲ್ಲಿ ಹೋದೆ. ಬರುವಾಗ ಹೆಂಚಿನ ಭಾರ. ಕೆಂಪುಹೊಳೆಯ ಪಕ್ಕದ ಏರುದಾರಿಯಲ್ಲಿ ಅವನು ರಸ್ತೆಯನ್ನು ನೋಡುತ್ತಿದ್ದ, ನಾನು ಸೂಜಿಯನ್ನು. ಅದು ನಡುವಿಗೆ ಬಂದು ಅಲ್ಲಿಯೇ ನಿಂತಿತು. ಹಿಂದೆ ಅವನು ನಿಲ್ಲಿಸಿ ನೀರು ಹಾಕುತ್ತಿದ್ದ ತಿರುವುಗಳನ್ನೆಲ್ಲ ದಾರಿಯುದ್ದಕ್ಕೂ ತೋರಿಸುತ್ತ ಹೋದ. ಮಳೆಯಲ್ಲಿ, ಕತ್ತಲೆಯಲ್ಲಿ, ಡಬ್ಬ ಹಿಡಿದು ಹಳ್ಳಕ್ಕೆ ಇಳಿಯುತ್ತಿದ್ದ ಜಾಗಗಳು ಅವು.

ಊರಿಗೆ ಬಂದ ಮೇಲೆ ಲೆಕ್ಕದ ಪುಸ್ತಕದಲ್ಲಿ ನೀರಿಗೆಂದು ಒಂದು ಕಲಮನ್ನು ಎಳೆದೆ. ಪ್ರತಿ ಸುತ್ತು ಮುಗಿದ ಮೇಲೆ ಹಾಕಿದ ನೀರೆಷ್ಟು ಎಂಬುದನ್ನು ಚಾಲಕನೇ ಬರೆಯುತ್ತಿದ್ದ. ಅವನು ಬರೆದದ್ದರ ಮೇಲೆ ನಾನು ಮತ್ತೆ ಕೆಂಪು ಮಸಿ ಮುಟ್ಟಿಸಲಿಲ್ಲ. ಆ ಕಲಮಿನಲ್ಲಿ ಮೇಲಿಂದ ಕೆಳಕ್ಕೆ, ಪುಟದಿಂದ ಪುಟಕ್ಕೆ, ಅವನ ವಕ್ರವಾದ ಅಕ್ಷರದಲ್ಲಿ ಸೊನ್ನೆಗಳ ಸಾಲು. ಮೂವತ್ತೈದು ವರ್ಷ ಪರರ ಪುಸ್ತಕಗಳಲ್ಲಿ ಸೊನ್ನೆಗಳನ್ನು ಬರೆದವನು ನಾನು. ಸೊನ್ನೆಗಳನ್ನು ಓದಿ ಸಂತೋಷಪಟ್ಟದ್ದು ಅದೇ ಮೊದಲು.